ಭದ್ರೇಶ್ವರನ ಹರಕೆ

ತಿಥಿ ಮುಗಿದ ಮರುದಿನ ಬೆಳಿಗ್ಗೆ ಮನೆ ಎಂದಿನಂತೆ ಎದ್ದಿತು. ಮಾವ ರಾಮಲಿಂಗಯ್ಯ ಡೈರಿಗೆ ಹಾಲು ಹಾಕಿ ಬಂದರು. ಭಾವ ಸ್ವಾಮಿ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದು ಹುಳುಮನೆ ಮುಂದೆ ಕೆಡವಿದರು. ರೇಷ್ಮೆಹುಳುಗಳು ಕೊನೆಯ ಜ್ವರದಿಂದ ಎದ್ದಿದ್ದವು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎದ್ದ ಮೇಲೆ ಅವು ಬಿಡುವಿಲ್ಲದೆ ತಿನ್ನುತ್ತವೆ, ಯಾರ ಮನೆಯಲ್ಲಿ ಯಾರು ಸತ್ತಿದ್ದರೂ. ಸೂತಕದ ದಿನಗಳಲ್ಲಿ ಪಕ್ಕದ ಮನೆಯವರು ಸೊಪ್ಪು ಹಾಕಿದ್ದರು. ಅವತ್ತಿನಿಂದ ಮತ್ತೆ ನಮ್ಮ ಕೈ.

ಶಾಮಿಯಾನದವರು ಬಂದು ಪಾತ್ರೆ ಎಣಿಸಿದರು. ಒಂದು ಸೌಟು ಸಿಗಲಿಲ್ಲ.

"ಬಾಡಿನ ಸೌಟು ಅಣ್ಣ, ದೊಡ್ದು" ಎಂದು ಅವರು. "ನೀವು ತಂದೇ ಇಲ್ಲ ಕಣ್ರಯ್ಯ" ಎಂದು ಸ್ವಾಮಿ. ಬಚ್ಚಲ ಕಲ್ಲಿನ ಹಿಂದೆ ಸೌಟು ಸಿಗುವವರೆಗೂ ಜಗಳ ನಡೆಯಿತು. ನನ್ನ ಗಂಡ ಲೋಕೇಶ್ ಸತ್ತ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ಮಾಮೂಲಿ ಜಗಳ. ನನಗೇನೂ ಅನ್ನಿಸಲಿಲ್ಲ. ಆ ದಿನಗಳಲ್ಲಿ ನನಗೇನೂ ಅನ್ನಿಸುತ್ತಿರಲಿಲ್ಲ. ಮಣ್ಣು ಮಾಡಿದಾಗ, ಗುಂಡಿಯ ಮೇಲೆ ಹಾಲುತುಪ್ಪ ಬಿಟ್ಟಾಗ, ಬಳೆ ತೆಗೆದಾಗ, ಎಲ್ಲವನ್ನೂ ಪಕ್ಕದಲ್ಲಿ ನಿಂತು ನೋಡಿದವಳಂತೆ ನೋಡಿದ್ದೆ.

ಅತ್ತೆ ಶಿವಲಿಂಗಮ್ಮ ನಡುಮನೆಯಲ್ಲಿ ಫೋಟೋದ ಮುಂದೆ ಕೂತಿದ್ದರು. ಫೋಟೋದ ಪಕ್ಕ ಒಂದು ದೊಡ್ಡ ನೀಲಿ ಸೂಟ್‌ಕೇಸು. ರಾಮನಗರದಲ್ಲಿ ನೂಲು ಬಿಚ್ಚುವ ಬಾಬಾಜಾನ್ ಅವರದ್ದು ಅದು. ಲೋಕೇಶ್ ಅದನ್ನು ಕೇಳಿ ಪಡೆದು, ಬೈಕಿನ ಹಿಂದೆ ಹಗ್ಗದಿಂದ ಬಿಗಿದುಕೊಂಡು ಬರುತ್ತಿದ್ದಾಗ ಕೈಲಾಂಚದ ಹತ್ತಿರ ಕಲ್ಲಿನ ಟಿಪ್ಪರ್ ಗುದ್ದಿತು. ಸೂಟ್‌ಕೇಸಿಗೆ ಒಂದು ಗೀರು ಬಿದ್ದಿತ್ತು, ಅಷ್ಟೆ. ಸತ್ತವನಿಗೆ ಎಡೆ ಇಡುವಾಗ ಅವನಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ಮುದ್ದೆ, ಬಾಡು, ಕಾರದ ಬೋಟಿ, ಒಂದು ಕ್ವಾರ್ಟರ್ ಬಾಟಲಿ, ಇವುಗಳ ಜೊತೆ ಅತ್ತೆ ಸೂಟ್‌ಕೇಸನ್ನೂ ಇಡಿಸಿ ಅರಿಶಿನ ಕುಂಕುಮ ಹಚ್ಚಿದ್ದರು. ಯಾಕೆಂದು ನಾನು ಕೇಳಿರಲಿಲ್ಲ.

"ನವ್ಯ, ಬಾವ್ವ ಇಲ್ಲಿ. ಒಂದು ಮಾತು ಕೇಳ್ಬೇಕು" ಎಂದರು. "ಭದ್ರೇಶ್ವರ ಯಾವೂರ್ನಲ್ಲವ್ನೆ?"

"ಯಾರು?"

"ಯಾರು ಅಂತೀಯಲ್ಲ! ಭದ್ರೇಶ್ವರಸ್ವಾಮಿ ಕಣವ್ವ. ಲೋಕೇಸ ಹರಕೆ ಹೊತ್ತಿರ್ಲಿಲ್ವ, ನಿಮಗೊಂದು ಮಗ ಆಗ್ಲಿ ಅಂತ? ಗಂಡ ಹೆಂಡ್ತಿ ಇಬ್ರೂ ಹೋಗಿ ಪೂಜೆ ಮಾಡಿಸ್ಕೊಂಡು ಬತ್ತೀವಿ, ಬಾಳ ದೂರ, ವಾರದ ಮೇಲಾಯ್ತದೆ ಅಂದಿದ್ದ. ಸಮುದ್ರದ ತಾವ ಅಂದಿದ್ದ. ನಾನು ಮುಡಿಪೂ ಕಟ್ಟಿಟ್ಟಿವ್ನಿ."

ದೇವರ ಗೂಡಿನಿಂದ ಅರಿಶಿನದ ಬಟ್ಟೆಯ ಸಣ್ಣ ಗಂಟೊಂದನ್ನು ತೆಗೆದು ತೋರಿಸಿದರು. ದೇವರಿಗೆಂದು ಎತ್ತಿಟ್ಟ ನಾಣ್ಯಗಳು. ಬಟ್ಟೆಯ ಬಣ್ಣ ಮಾಸಿತ್ತು. ತಿಂಗಳುಗಳ ಹಿಂದೆ ಕಟ್ಟಿದ್ದು.

ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಏನೋ ಅನ್ನಿಸಿತು. ಅದು ದುಃಖವಾಗಿರಲಿಲ್ಲ.

ಭದ್ರೇಶ್ವರನನ್ನು ಲೋಕೇಶನಿಗೆ ಹೇಳಿಕೊಟ್ಟವಳು ನಾನು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ಚಂಪಾ ರಾಜ್ಯದ ಮೇಲೆ ಒಂದು ಸಣ್ಣ ಪಾಠವಿತ್ತು. ಈಗಿನ ವಿಯೆಟ್ನಾಮಿನಲ್ಲಿ, ಒಂದೂವರೆ ಸಾವಿರ ವರ್ಷಕ್ಕೂ ಹಿಂದೆ, ಭದ್ರವರ್ಮನೆಂಬ ರಾಜ ಬೆಟ್ಟಗಳ ನಡುವೆ ಶಿವನ ಗುಡಿ ಕಟ್ಟಿಸಿ, ದೇವರಿಗೆ ತನ್ನ ಹೆಸರು ಸೇರಿಸಿ ಭದ್ರೇಶ್ವರ ಎಂದು ಕರೆದ. ಈಗ ಅಲ್ಲಿರುವುದು ಇಟ್ಟಿಗೆಯ ಹಾಳು ಗುಡಿಗಳು, ಹುಲ್ಲು, ಟಿಕೆಟ್ ಪಡೆದು ನೋಡಲು ಬರುವ ಜನ. ಚನ್ನಪಟ್ಟಣದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದ ಮೇಲೆ ಆ ಪಾಠವನ್ನು ನಾನೂ ಮಾಡಿದೆ. ಮಾಡುವಾಗೆಲ್ಲ, ನೋಡದ ಜಾಗದ ಬಗ್ಗೆ ನೋಡಿದವಳಂತೆ ಮಾತಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಇದನ್ನೊಮ್ಮೆ ಲೋಕೇಶನಿಗೆ ಹೇಳಿದೆ. ಎಲ್ಲರೆದುರು ಅವನು ನನಗೆ 'ಅವರು', ಇಬ್ಬರೇ ಇದ್ದಾಗ 'ನೀನು'. ರಾಮನಗರದಲ್ಲಿ ಅವನದ್ದೊಂದು ಅಂಗಡಿ, ರೇಷ್ಮೆ ಬೆಳೆಗಾರರಿಗೆ ಬೇಕಾದ ಸುಣ್ಣ, ಔಷಧಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಮಾರುವುದು.

"ಭದ್ರೇಶ್ವರನಾ?" ಎಂದು ನಕ್ಕ. "ನಮ್ಮಂಗ್ಡಿಗೆ ಇಬ್ರು ಭದ್ರೇಶ ಬತ್ತಾರೆ. ಇಬ್ರೂ ಕುಡುಕ್ರು."

"ಇವನು ರಾಜನ ಕಡೆಯವನು."

"ಹಂಗಾದ್ರೆ ಹೋಗಿ ನೋಡ್ಕೊಂಡು ಬರೋಣ ನಡಿ."

ತಮಾಷೆಗೆ ಅಂದದ್ದು ನಿಜವಾಗತೊಡಗಿತು. ನಮ್ಮ ಕಡೆಯಿಂದ ಹೊರದೇಶಕ್ಕೆ ಹೋಗುವವರು ಪ್ಯಾಕೇಜಿನಲ್ಲಿ ಹೋಗುತ್ತಾರೆ. ಅಡುಗೆಯವನನ್ನು ಜೊತೆಗೆ ಕರೆದೊಯ್ದು, ಅಲ್ಲಿಯೂ ಚಿತ್ರಾನ್ನ ತಿಂದು, ಬಾವುಟ ಹಿಡಿದವನ ಹಿಂದೆ ಓಡಿ ಬರುತ್ತಾರೆ. ನಮಗೆ ಅದು ಬೇಡವಾಗಿತ್ತು. ಯಾವ ಊರಿನಲ್ಲಿ ಎಷ್ಟು ದಿನ, ಯಾವ ರೈಲು, ಯಾವ ಬಸ್ಸು, ಯಾರ ಮನೆಯ ಮಹಡಿಯಲ್ಲಿ ಕೋಣೆ, ಎಲ್ಲವನ್ನೂ ನಾನೇ ಹುಡುಕಿ ಹೊಂದಿಸಿದೆ. ಪಾಸ್‌ಪೋರ್ಟಿಗೆ ಅತ್ತೆ ಏನೂ ಅನ್ನಲಿಲ್ಲ. ಆಧಾರ್, ಪಾನ್, ಅದರ ಸಾಲಿಗೆ ಇನ್ನೊಂದು ಎಂದುಕೊಂಡರು. ವೀಸಾದ ಫೋಟೋ ತೆಗೆಸುವಾಗ ಲೋಕೇಶ್ ಪ್ರತಿ ಸಲವೂ ಕಣ್ಣು ಮುಚ್ಚಿದ. ಸ್ಟುಡಿಯೋದವನು "ಲೋ, ಹೆಣದ ಫೋಟೋನೇ ಇದ್ಕಿಂತ ವಾಸಿ ಕಣ್ಲಾ" ಎಂದು ಬೈದ. ಅಡುಗೆಮನೆಯಲ್ಲಿ ಊದುಬತ್ತಿಯ ಕಡ್ಡಿಗಳಿಂದ, ಅಲ್ಲಿಯವರು ತಿನ್ನುವ ಹಾಗೆ, ಶಾವಿಗೆ ಎತ್ತುವುದನ್ನು ಕಲಿತೆವು. ಅಲ್ಲಿನ ರಸ್ತೆಗಳಲ್ಲಿ ಬೈಕುಗಳ ಪ್ರವಾಹದ ನಡುವೆ ನಡೆದೇ ದಾಟಬೇಕು ಎಂದರೆ, "ಐಜೂರು ಸರ್ಕಲ್ ದಾಟಿದೋರಿಗೆ ಅದ್ಯಾವ ಲೆಕ್ಕ" ಅಂದ. ಅವರ ಭಾಷೆಯಲ್ಲಿ ಧನ್ಯವಾದಕ್ಕೆ 'ಕಾಮ್ ಅನ್' ಎಂದು ಹೇಳಿಕೊಟ್ಟೆ. ಅಂಗಡಿಗೆ ಬಂದ ರೈತರಿಗೆಲ್ಲ ಅದನ್ನೇ ಅಂದ. ಅವರು ಇಂಗ್ಲಿಷಿನಲ್ಲಿ ಕರೆಯುತ್ತಿದ್ದಾನೆಂದು ತಿಳಿದು ಹಿಂದಿರುಗಿ ಬಂದರು.

ಮನೆಯಲ್ಲಿ ಹೇಗೆ ಹೇಳುವುದು ಎಂಬುದೊಂದೇ ನನ್ನ ಚಿಂತೆ. "ಅದು ನಂಗೆ ಬುಡು" ಅಂದಿದ್ದ. ಸ್ವಲ್ಪ ದಿನ ಬಿಟ್ಟು, "ಅವ್ವ ಒಪ್ಪಿದ್ಲು" ಅಂದ.

"ಏನಂದ್ರು?"

"ಹೋಗ್ಬುಟ್ಟು ಬನ್ನಿ, ಒಳ್ಳೇದಾಗ್ಲಿ ಅಂದ್ಲು."

ನನಗೆ ಹೆಮ್ಮೆಯಾಯಿತು. ಹೆಂಡತಿಯ ಜೊತೆ ಊರು ನೋಡಲು ಹೋಗುತ್ತೇನೆಂದು ತಾಯಿಯ ಎದುರು ನಿಂತು ಹೇಳುವ ಗಂಡಸು ನಮ್ಮ ಬೀದಿಯಲ್ಲಿ ಇನ್ನೊಬ್ಬನಿಲ್ಲ. ಕಾಲೇಜಿನಲ್ಲಿಯೂ ಹೇಳಿಕೊಂಡೆ. ಆಮೇಲೆ ಅತ್ತೆ ನನಗೆ ದಿನವೂ ಬಾದಾಮಿ ಅರೆದು ಹಾಲಿಗೆ ಹಾಕಿ ಕೊಡತೊಡಗಿದರು. ಪ್ರಯಾಣಕ್ಕೆ ಶಕ್ತಿ ಬರಲಿ ಎಂದಿರಬೇಕು ಅಂದುಕೊಂಡು ಕುಡಿದೆ.

ಮುಡಿಪಿನ ಗಂಟು ನೋಡಿದ ಮೇಲೆ ತಿಳಿಯಿತು, ಅವರು ಒಳ್ಳೆಯದಾಗಲಿ ಎಂದದ್ದು ನನ್ನ ಹೊಟ್ಟೆಗೆ. ಇನ್ನೆರಡು ವರ್ಷ ಮಕ್ಕಳು ಬೇಡ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಹಾಗೆಂದು ತಾಯಿಗೆ ಹೇಳುವ ಬದಲು, ಮಕ್ಕಳಾಗದ ಹೆಂಗಸಿಗಾಗಿ ಹರಕೆ ಹೊತ್ತ ಗಂಡನಾದ. ನಾನು ಪ್ರೀತಿಯಿಂದ ಕೊಟ್ಟ ಹೆಸರನ್ನೇ ಅದಕ್ಕೆ ಬಳಸಿಕೊಂಡ.

"ನಿಂಗೂ ಊರ ಹೆಸ್ರು ಗೊತ್ತಿಲ್ವ?" ಎಂದು ಅತ್ತೆ ಮತ್ತೆ ಕೇಳಿದರು.

"ದೂರ, ಅತ್ತೆ."

"ದೂರ ಅಂತ ಅವ್ನೂ ಅಂದ." ಅವರು ಸೂಟ್‌ಕೇಸಿನ ಮೇಲೆ ಕೈಯಾಡಿಸಿದರು. "ದೇವ್ರ ಕೆಲ್ಸಕ್ಕೆ ಹೊಂಟೋನು ಕಣವ್ವ. ಪೆಟ್ಟಿಗೆ ತರಾಕೆ ಹೋದ, ದಾರೀಲೇ ಕರ್ಕೊಂಡ. ಅಂತಾ ಸಾವು ಎಲ್ರಿಗೂ ಬರಾಕಿಲ್ಲ. ಹರಕೆ ಒಂದು ತೀರಿಸ್ಬುಟ್ರೆ ಅವ್ನ ಜೀವ ತಣ್ಣಗಿರ್ತದೆ."

ಅವರ ಮುಖ ಶಾಂತವಾಗಿತ್ತು. ಮಗ ಸತ್ತ ತಾಯಿ ಇಷ್ಟು ದಿನ ಹೇಗೆ ಎದ್ದು ಕೂತು ಊಟ ಮಾಡಿದರು ಎಂಬುದು ನನಗೆ ಆಗ ತಿಳಿಯಿತು. ನಾನು ಸೊಪ್ಪು ಹಾಕಲು ಎದ್ದು ಹೋದೆ.

ಹುಳುಮನೆಯಲ್ಲಿ ಸ್ವಾಮಿ ಇದ್ದರು. ತಟ್ಟೆಗಳ ಮೇಲೆ ಸೊಪ್ಪು ಹರಡಿದರೆ ಮಳೆ ಬಿದ್ದ ಹಾಗೆ ಸದ್ದಾಗುತ್ತದೆ, ಸಾವಿರಾರು ಬಾಯಿಗಳ ಸದ್ದು. ಅದರ ನಡುವೆ ಅವರು ತಲೆ ಎತ್ತದೆ ಹೇಳಿದರು:

"ಅವ್ವ ಕೇಳಿದ್ಲಾ?"

"ಕೇಳಿದರು. ನಿಮಗೆ ಗೊತ್ತಿತ್ತಾ, ಭಾವ?"

"ಗೊತ್ತಿತ್ತು. ಬಡ್ಡಿಮಗ ಹೇಳ್ಬುಟ್ಟು ನಗ್ತಿದ್ದ. ಅಣ್ಣ, ಅವ್ವಂಗೆ ದೇವ್ರು ತೋರಿಸಿದ್ರೆ ಸಾಕು, ವಿಮಾನಾನೂ ಹತ್ತಿಸ್ತಾಳೆ ಅಂತ." ಸ್ವಲ್ಪ ಹೊತ್ತು ಸೊಪ್ಪು ಹಾಕಿದರು. "ನೀನು ಹೇಳ್ಬ್ಯಾಡ ಕಣಮ್ಮ. ಅವ್ಳು ಅದ್ರ ಮೇಲೇ ಉಸಿರಾಡ್ತಾವ್ಳೆ."

"ನಾನು ಹೋಗಬೇಕು ಅಂತ ಇದೀನಿ."

ಅವರು ಆಗ ತಲೆ ಎತ್ತಿದರು. "ಒಬ್ಳೇ?"

"ಒಬ್ಬಳೇ."

"ಈಗ್ಲೇ? ವರ್ಷ ತುಂಬದೆ?"

"ಟಿಕೆಟ್ ಮುಂದಿನ ತಿಂಗಳಿನದು."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಹೋಗಂಗಿದ್ರೆ ತೌರಿಗೆ ಹೋಯ್ತೀನಿ ಅಂತ ಹೇಳ್ಬುಟ್ಟು ಹೋಗು. ಕೋಡಿಹಳ್ಳಿಗೆ ಅಂತ ಬಸ್ ಹತ್ತು, ಆಮೇಲೆ ನೀನೆಲ್ಲಿ ಇಳ್ದೆ ಅಂತ ಯಾರು ನೋಡ್ತಾರೆ? ನಾನು ಬಾಯಿ ಬಿಡಾಕಿಲ್ಲ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಸುಲಭದ ದಾರಿಯೂ ಹೌದು. ಆದರೆ ಲೋಕೇಶ್ ಹಿಡಿದದ್ದು ಅದೇ ದಾರಿ. ನಾನೂ ಹಾಗೆ ಹೋದರೆ ವಿಮಾನದಲ್ಲಿ ಕೂತವಳು ಕೋಡಿಹಳ್ಳಿಯಲ್ಲಿ ಅಳುತ್ತಿರುವ ವಿಧವೆಯಾಗಿರುತ್ತೇನೆ, ಇಲ್ಲಿ ಎಲ್ಲರ ಲೆಕ್ಕದಲ್ಲಿ. ನನಗೆ ಅದು ಬೇಡವಾಗಿತ್ತು. ಹೇಳಿಯೇ ಹೋಗಬೇಕು. ಹೇಳಿದರೆ ಅತ್ತೆಯ ಉಸಿರು ನಿಲ್ಲುತ್ತದೆ. ಎರಡರ ನಡುವೆ ನಾನು ಹಲವು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಅಷ್ಟರಲ್ಲಿ ಭದ್ರೇಶ್ವರ ಬೆಳೆಯುತ್ತ ಹೋದ.

ಅತ್ತೆ ಶಾಸ್ತ್ರ ಹೇಳುವವರನ್ನು ಕೇಳಿಸಿದರು. ಹರಕೆ ಬಾಕಿ ಇದ್ದರೆ ತಾಯಿ ತಂದೆ ತೀರಿಸಬಹುದು, ಹೆಂಡತಿ ಮಾತ್ರ ವರ್ಷದವರೆಗೆ ಗುಡಿಯ ಮೆಟ್ಟಿಲು ಹತ್ತುವಂತಿಲ್ಲ ಎಂದರಂತೆ. ಮರಳವಾಡಿಗೆ ಕೊಟ್ಟಿರುವ ನಾದಿನಿ ಪುಟ್ಟಿ ಮಾರನೆಯ ದಿನವೇ ಬಂದಳು. ಸ್ವಾಮಿ ಮೊಬೈಲಿನಲ್ಲಿ ಹುಡುಕಿ, ಬೆಳಗಾವಿಯ ಕಡೆ ಒಬ್ಬ ವೀರಭದ್ರೇಶ್ವರನನ್ನು ಕಂಡುಹಿಡಿದರು. ನನ್ನ ಮುಖ ನೋಡದೆ, "ವೀರ ಅನ್ನಾದು ಬುಟ್ಟು ಹೇಳಿರ್ತಾನೆ" ಎಂದರು.

"ಸಮುದ್ರ ಎಲ್ಲೈತಣ್ಣ ಅಲ್ಲಿ?" ಎಂದಳು ಪುಟ್ಟಿ.

"ಬತ್ತಾ ಮುರುಡೇಶ್ವರದಲ್ಲಿ ನೋಡಿದ್ರಾಯ್ತು."

"ಹಂಗಾದ್ರೆ ಹೋಯ್ತಾ ಧರ್ಮಸ್ಥಳನೂ ಹಾಕು. ಅಷ್ಟು ದೂರ ಹೋಯ್ತಾ ಮಂಜುನಾಥನ್ನ ಬುಟ್ಬುಟ್ಟು ಹೋದ್ರೆ ಚೆಂದಾಗಿರಾಕಿಲ್ಲ."

ಟೆಂಪೋ ಟ್ರಾವೆಲರ್ ಗೊತ್ತಾಯಿತು. ಪುಟ್ಟಿಯ ಗಂಡನ ಮನೆಯವರೂ ಸೇರಿಕೊಂಡರು. ಸೀಟು ಖಾಲಿ ಹೋಗಬಾರದಲ್ಲ. ಚಕ್ಕುಲಿ ಕರಿದರು, ಹುರಿಟ್ಟು ಕಟ್ಟಿದರು. ನಡುಮನೆಯಲ್ಲಿ ನಗು ಕೂಡ ಕೇಳಿಸಿತು. ಫೋಟೋದ ಕಡೆ ನೋಡಿ ಒಮ್ಮೆಲೇ ನಿಲ್ಲಿಸಿ ಮತ್ತೆ ನಗುತ್ತಿದ್ದರು.

"ಅತ್ಗೆ, ಆ ಕುತ್ಗೆಗೆ ಹಾಕ್ಕೊಳ್ಳೋ ದಿಂಬು ತಂದಿದ್ರಲ್ಲ ನೀವಿಬ್ರು, ಅವೆರಡ್ನೂ ತಗೊಂಡೋಗ್ಲಾ?" ಎಂದು ಪುಟ್ಟಿ ಕೇಳಿದಳು. "ನೀವೇನು ಬರಂಗಿಲ್ವಲ್ಲ."

"ತಗೋ" ಎಂದೆ.

ನಾನು ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂತು ನನ್ನ ಸಿದ್ಧತೆ ಮಾಡಿಕೊಂಡೆ. ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ವಿಮಾನದ ಕಂಪನಿಗೆ ಬರೆದೆ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು, ಉಳಿದ ಪ್ರಯಾಣಿಕರು ಪ್ರಯಾಣ ಮುಂದುವರಿಸುತ್ತಾರೆಯೇ ಎಂದು ಕೇಳಿದರು. ಹೌದು ಎಂದು ಬರೆದೆ. ಹೋಟೆಲುಗಳಿಗೆ ಬರೆದು ಇಬ್ಬರ ಕೋಣೆಯನ್ನು ಒಬ್ಬರದ್ದು ಮಾಡಿಸಿದೆ. ಹೊಯ್ ಆನ್ ಊರಿನಲ್ಲಿ ತನ್ನ ಮನೆಯ ಕೋಣೆ ಬಾಡಿಗೆಗೆ ಕೊಡುವ ಮುದುಕಿಯೊಬ್ಬಳು, ಕೋಣೆ ಅದೇ ಇರಲಿ, ಕಿಟಕಿಯಿಂದ ಹೊಳೆ ಕಾಣುತ್ತದೆ ಎಂದು ಬರೆದಳು. ಯಾಕೆ ಒಬ್ಬಳು ಎಂದು ಕೇಳಲಿಲ್ಲ. ಅಲ್ಲಿ ರೇಷ್ಮೆ ಸಾಕುವ ಜಾಗಕ್ಕೆ ಹೋಗಲು ಒಂದು ದಿನ ಇಟ್ಟಿದ್ದೆ. ಅದು ಲೋಕೇಶನ ಆಸೆ. ಅದನ್ನು ತೆಗೆದು ಮತ್ತೆ ಹಾಕಿ, ಕೊನೆಗೆ ತೆಗೆದೆ. ತುರ್ತು ಬಂದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ಅವನ ಹೆಸರಿತ್ತು. ಅಳಿಸಿ, ಕೋಡಿಹಳ್ಳಿಯ ನನ್ನ ಅಪ್ಪನ ಹೆಸರು ಹಾಕಿ, ಆಗಲೇ ಫೋನ್ ಮಾಡಿ ಹೇಳಿದೆ. ಅಪ್ಪ, "ಜನ ಏನಂತಾರೆ, ಮಗ" ಎಂದರು. ಬೇಡ ಅನ್ನಲಿಲ್ಲ.

ಯಾಕೆ ಹೋಗಬೇಕು ಎಂದು ನನ್ನನ್ನೇ ಕೇಳಿಕೊಂಡೆ. ಅವನ ನೆನಪಿಗಾಗಿ ಅಲ್ಲ. ಆ ಗುಡಿಗಳನ್ನು ನೋಡದೆ ಬದುಕಬಹುದು. ಆದರೆ ಗಂಡ, ಮನೆ, ಬಳೆ, ಎಲ್ಲವೂ ಬೇರೆಯವರು ಕೊಟ್ಟದ್ದು, ಬೇರೆಯವರೇ ತೆಗೆದುಕೊಂಡರು. ಈ ಪ್ರಯಾಣವೊಂದನ್ನು ನಾನೇ ಹೊಂದಿಸಿದ್ದೆ. ಅದನ್ನೂ ಹರಕೆ ಮಾಡಿ ಟೆಂಪೋ ಹತ್ತಿಸುತ್ತಿದ್ದರು.

ಹೊರಡುವ ದಿನ ಬೆಳಗಾಗುವಷ್ಟರಲ್ಲಿ ಟೆಂಪೋ ಬಂದು ನಿಂತಿತು. ಮುಂದಿನ ಗಾಜಿಗೆ ಸೇವಂತಿಗೆ ಹಾರ. ಪುಟ್ಟಿ ನಡುಮನೆಯಿಂದ ನೀಲಿ ಸೂಟ್‌ಕೇಸನ್ನು ಉರುಳಿಸಿಕೊಂಡು ಬಂದಳು. ತುಂಬಿ ಉಬ್ಬಿತ್ತು. ಅರಿಶಿನ ಕುಂಕುಮದ ಕೆಳಗೆ ಬಿಳಿ ಬಣ್ಣದ ಅಕ್ಷರ: ಬಾಬಾಜಾನ್, ರಾಮನಗರ.

"ಅದು ಬೇಡ ಪುಟ್ಟಿ" ಎಂದೆ. "ಅದು ಬಾಬಾಜಾನ್ ಅವರದ್ದು. ವಾಪಸ್ ಕೊಡಬೇಕು."

"ಬಂದ್ಮೇಲೆ ಕೊಟ್ರಾಯ್ತು, ಅತ್ಗೆ."

"ಅದು ಕೊಡಾಕಾಗಾಕಿಲ್ಲ" ಎಂದರು ಅತ್ತೆ ಜಗುಲಿಯಿಂದ. "ಎಡೆಗಿಟ್ಟಿದ್ದು. ಹರಕೆ ಪೆಟ್ಟಿಗೆ ಅದು. ಅವ್ರಿಗೆ ಬೇರೆ ಕೊಡ್ಸನ."

ನಾನು ಹೋಗಿ ಸೂಟ್‌ಕೇಸನ್ನು ಮಲಗಿಸಿ ಜಿಪ್ ಎಳೆದೆ. ಪುಟ್ಟಿಯ ಸೀರೆಗಳು, ಅತ್ತೆಯ ಶಾಲು, ಮಾವನ ಪಂಚೆ, ಒಂದು ಡಬ್ಬಿ ಕೋಡುಬಳೆ. ಒಂದೊಂದಾಗಿ ತೆಗೆದು ಜಗುಲಿಯ ಮೇಲಿಟ್ಟೆ. ಟೆಂಪೋದೊಳಗಿನ ಮಾತು ನಿಂತಿತು.

"ಏನೇ ಮಾಡ್ತಾ ಇದ್ದೀಯ? ಬುದ್ಧಿಗಿದ್ದಿ ನೆಟ್ಟಗೈತಾ?" ಎಂದರು ಅತ್ತೆ.

"ಅತ್ತೆ, ಆ ಭದ್ರೇಶ್ವರ ಈ ದೇಶದಲ್ಲಿ ಇಲ್ಲ" ಎಂದೆ. "ವಿಯೆಟ್ನಾಮ್ ಅಂತ, ವಿಮಾನದಲ್ಲಿ ಹೋಗಬೇಕು. ಅಲ್ಲಿ ಪೂಜೆಯೂ ಇಲ್ಲ. ಹರಕೆ ಇರಲಿಲ್ಲ. ನಾವಿಬ್ಬರೂ ಊರು ನೋಡಕ್ಕೆ ಹೊರಟಿದ್ದೆವು. ಮಕ್ಕಳು ಈಗಲೇ ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ನಿಮಗೆ ಹೇಳೋಕೆ ಅವರಿಗೆ ಧೈರ್ಯ ಬರಲಿಲ್ಲ. ನಾನು ಮುಂದಿನ ವಾರ ಹೋಗ್ತಾ ಇದೀನಿ, ಒಬ್ಬಳೇ. ಹೇಳದೆ ಹೋಗಬಾರದು ಅಂತ ಹೇಳ್ತಾ ಇದೀನಿ."

ಅತ್ತೆ ನನ್ನನ್ನು ನೋಡಲಿಲ್ಲ. ದೊಡ್ಡ ಮಗನ ಕಡೆ ತಿರುಗಿದರು.

"ಏನ್ಲಾ ಸ್ವಾಮಿ, ನಿನ್ ತಾವ ಏನಾರ ಅಂದಿದ್ನಾ ಅವ್ನು?"

ಸ್ವಾಮಿ ಟೆಂಪೋದ ಟೈರನ್ನು ಕಾಲಿನಿಂದ ಒತ್ತಿ ನೋಡುತ್ತಿದ್ದರು. "ನಂಗೇನೂ ಗೊತ್ತಿಲ್ಲ ಕಣವ್ವ" ಎಂದರು.

ಆಗ ಅತ್ತೆ ನನ್ನ ಕಡೆ ನೋಡಿದರು. ಮುಖದಲ್ಲಿ ಶಾಂತಿ ಹಾಗೆಯೇ ಇತ್ತು. ಅದನ್ನು ನಾನು ಅಲುಗಾಡಿಸಲಾರೆ ಎಂದು ಗೊತ್ತಾಯಿತು. ಅಷ್ಟು ದಿನ ಹೆದರಿದ್ದು ದಂಡ.

"ಅವ್ನ ಬಾಯಿಗೆ ಮಣ್ಣು ಹಾಕಾಯ್ತು. ಈಗ ಸುಳ್ಳೂ ಹಾಕ್ತಿದ್ದೀಯೇನೇ?" ಎಂದರು. "ನನ್ ಮಗ ನನ್ ತಾವ ಸುಳ್ಳು ಹೇಳೋನಲ್ಲ. ತಿರುಗಾಕೆ ಹೋಗೋ ಚಪಲ ನಿಂದು. ಅದ್ಕೆ ಅವ್ನ ಹೆಸ್ರು ಯಾಕೆ ತತ್ತೀಯ? ಹೋಗು. ಎಲ್ಲಿಗಾರ ಹೋಗು."

"ಓದಿರೋರಲ್ವಾ ಕಣವ್ವ, ಅವ್ರಿಗೇನು" ಎಂದು ಟೆಂಪೋದೊಳಗಿಂದ ಯಾರೋ ಅಂದರು. ಪುಟ್ಟಿ ಅಳುತ್ತ ಬಟ್ಟೆಗಳನ್ನು ಒಂದು ಗೊಬ್ಬರದ ಚೀಲಕ್ಕೆ ತುಂಬಿಕೊಂಡಳು. ಅತ್ತೆ ಮುಡಿಪಿನ ಗಂಟನ್ನು ಸೆರಗಿಗೆ ಕಟ್ಟಿಕೊಂಡು, ಬಲಗಾಲಿಟ್ಟು ಟೆಂಪೋ ಹತ್ತಿದರು.

ಕೊನೆಗೆ ಹತ್ತಿದವರು ಮಾವ. ನಾನು ಮದುವೆಯಾಗಿ ಬಂದ ಮೇಲೆ ಅವರು ನನ್ನೊಡನೆ ಆಡಿದ ಮಾತುಗಳು ಕಡಿಮೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

"ಯಾವ ದೇಸ ಅಂದೆ?"

"ವಿಯೆಟ್ನಾಮ್."

"ಅಲ್ಲೂ ಹುಳ ಸಾಕ್ತಾರಾ?"

"ಸಾಕ್ತಾರೆ ಮಾವ."

"ಹೂಂ" ಎಂದು ಹತ್ತಿ ಕೂತರು. ಡ್ರೈವರ್ ತೆಂಗಿನಕಾಯಿ ಒಡೆದ. ಚಕ್ರಗಳು ನಿಂಬೆಹಣ್ಣಿನ ಮೇಲೆ ಹೋದವು. ಟೆಂಪೋ ಇಲ್ಲದ ಹರಕೆಯನ್ನು ತೀರಿಸಲು ಹೊರಟಿತು.

ನಾನು ಒದ್ದೆ ಬಟ್ಟೆಯಿಂದ ಸೂಟ್‌ಕೇಸು ಒರೆಸಿದೆ. ಕುಂಕುಮ ಹೋಯಿತು, ಅರಿಶಿನ ಪೂರ್ತಿ ಹೋಗಲಿಲ್ಲ. ಹುಳುಮನೆ ಆಗಲೇ ಖಾಲಿ. ಗೂಡು ಮಾರುಕಟ್ಟೆಗೆ ಹೋಗಿತ್ತು, ಸೊಪ್ಪು ಹಾಕುವ ಕೆಲಸವಿರಲಿಲ್ಲ. ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಕಂಡಕ್ಟರ್ ಸೂಟ್‌ಕೇಸು ನೋಡಿ, "ಎಲ್ಲಿಗಕ್ಕ, ಫಾರಿನ್ನಾ?" ಎಂದ. "ರಾಮನಗರ" ಎಂದೆ. ಅದಕ್ಕೊಂದು ಲಗೇಜ್ ಟಿಕೆಟ್ ಹರಿದ.

ಬಾಬಾಜಾನ್ ಅವರ ಮನೆ ನೂಲು ಬಿಚ್ಚುವ ಶೆಡ್ಡಿನ ಹಿಂದೆ. ಗೂಡು ಬೇಯುವ ವಾಸನೆ ಬೀದಿಯ ಕೊನೆಗೇ ಬರುತ್ತದೆ. ಬಾಗಿಲು ತೆಗೆದವರು ಅವರ ಹೆಂಡತಿ ಅಖ್ತರಿ. ಮೊದಲು ನನ್ನನ್ನು, ಆಮೇಲೆ ಸೂಟ್‌ಕೇಸನ್ನು ನೋಡಿ, ಬಾಯಿಗೆ ಸೆರಗು ಹಿಡಿದರು. ಒಳಗೆ ಕರೆದು ಕೂರಿಸಿದರು.

"ಯಾಕಮ್ಮ ಹೊತ್ಕೊಂಡು ಬಂದೆ? ನಾವು ಕೇಳಿದ್ವಾ? ಆ ದಿನದಿಂದ ನಮ್ಮ ಯಜಮಾನ್ರು, ನಾನು ಕೊಡದೆ ಇದ್ದಿದ್ರೆ, ಕೊಡದೆ ಇದ್ದಿದ್ರೆ ಅಂತ ಒಂದೇ ಸಮ ಕೊರಗ್ತಾವ್ರೆ."

ಬಾಬಾಜಾನ್ ಶೆಡ್ಡಿನಿಂದ ಬಂದರು. ಕೈ ಬಿಸಿನೀರಿನಲ್ಲಿ ಬೆಂದು ಬೆಳ್ಳಗಾಗಿತ್ತು. ನಿಂತೇ ಇದ್ದರು.

"ಅವ್ನು ಇಲ್ಲೇ ಕೂತಿದ್ದ, ನೀನು ಕೂತಿದ್ದೀಯಲ್ಲ ಅಲ್ಲೇ" ಎಂದರು. "ನಾವು ಉಮ್ರಾ ಯಾತ್ರೆಗೆ ಹೋದಾಗ ಏರ್‌ಪೋರ್ಟಲ್ಲಿ ಏನೇನಾಯ್ತು ಅಂತ ಎಲ್ಲಾ ಕೇಳ್ದ. ವಿಯೆಟ್ನಾಮ್ ಭಾಯ್, ನನ್ನ ಹೆಂಡ್ತೀನೇ ಎಲ್ಲಾ ಮಾಡಿರೋದು, ರೈಲು ಗೀಲು ಎಲ್ಲಾ, ನಾನು ಸುಮ್ನೆ ಅವ್ಳ ಹಿಂದೆ ಹೋಗೋದು ಅಂದ. ಬಾಳ ಖುಷಿಯಾಗಿದ್ದ."

ಇಲ್ಲಿ ನಿಜವನ್ನೇ ಹೇಳಿದ್ದ. ಅಂಗಡಿಯ ರೈತರಿಗೆ, ಫೋಟೋ ಸ್ಟುಡಿಯೋದವನಿಗೆ, ಅಣ್ಣನಿಗೆ, ಎಲ್ಲರಿಗೂ ನಿಜವನ್ನೇ ಹೇಳಿದ್ದ. ನನ್ನ ಪರವಾಗಿ ಎಲ್ಲಿ ಹೇಳಬೇಕಿತ್ತೋ ಅಲ್ಲೊಂದು ಕಡೆ ಬಿಟ್ಟು.

ಅಖ್ತರಿ ಚಹಾ ತಂದರು. "ನೀನು ಹೋಗ್ತೀಯಾ ಬೇಟಾ?" ಎಂದು ಮೆಲ್ಲಗೆ ಕೇಳಿದರು.

"ಹೋಗ್ತೀನಿ."

"ಹಂಗಾದ್ರೆ ಇದು ಇಟ್ಕೋ. ಬಂದ್ಮೇಲೆ ಕೊಡು. ಅದಕ್ಕೇ ಅಲ್ವಾ ತಗೊಂಡಿದ್ದು."

"ಬೇಡಮ್ಮ. ಇದು ಇಬ್ಬರ ಬಟ್ಟೆಗೆ ಅಂತ ತಂದದ್ದು. ನನ್ನ ಬಟ್ಟೆ ಕಾಲೇಜಿನ ಬ್ಯಾಗಿನಲ್ಲೇ ಹಿಡಿಯುತ್ತೆ."

"ಮನೇಲಿ ಅತ್ತೆ ಏನಂದ್ರು?"

"ಎಲ್ಲಿಗಾದರೂ ಹೋಗು ಅಂದರು."

ಅಖ್ತರಿಗೆ ಸಮಾಧಾನವಾದಂತೆ ಕಾಣಿಸಿತು. "ಒಳ್ಳೇ ಹೆಂಗ್ಸು" ಎಂದರು. ನಾನು ತಿದ್ದಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟೆ.

ಬಾಬಾಜಾನ್ ಸೂಟ್‌ಕೇಸಿನ ಗೀರಿನ ಮೇಲೆ ಬೆರಳಾಡಿಸಿದರು. ಹಳದಿ ಕಲೆಯನ್ನೂ ನೋಡಿದರು. ಚಕ್ರಗಳನ್ನು ಒಂದೊಂದಾಗಿ ತಿರುಗಿಸಿದರು.

"ಒಳಗೆ ಏನೂ ಬಿಟ್ಟಿಲ್ವಲ್ಲಮ್ಮ? ಒಂದ್ಸಲ ನೋಡು."

"ನೋಡಿದೀನಿ. ಏನೂ ಇಲ್ಲ."

ಅವರು ಅದನ್ನು ಒಂದೇ ಕೈಯಲ್ಲಿ ಎತ್ತಿ ಬೀರುವಿನ ಮೇಲಕ್ಕೆ ತಳ್ಳಿದರು. ನಾನು ಎದ್ದು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡೆ.